ಭಂಡಾರ ಮುಟ್ಟಿದ ವರ್ಷ

ಹೋದ ವಾರ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಎದುರು ರಸ್ತೆ ದಾಟಲು ನಿಂತಿದ್ದೆ. ಕೈಯಲ್ಲಿ ಹೊಲಿದು ಮುಗಿಸಿದ ಜಂಪರುಗಳ ಚೀಲವಿತ್ತು. ಯಾವುದೋ ಸೊಸೈಟಿಯ ಚುನಾವಣೆಯಲ್ಲಿ ಗೆದ್ದವರ ಮೆರವಣಿಗೆ ಬಂತು. ಡಾಲ್ಬಿ ಸ್ಪೀಕರುಗಳ ಸದ್ದಿಗೆ ಅಂಗಡಿಗಳ ಬಾಗಿಲು ನಡುಗುತ್ತಿದ್ದವು. ತೆರೆದ ಜೀಪಿನ ಮೇಲೆ ನಿಂತವನೊಬ್ಬ ಹಿಡಿ ಹಿಡಿಯಾಗಿ ಭಂಡಾರ ತೂರುತ್ತಿದ್ದ. ದೇವಿಯ ಹೆಸರಿನ ಆ ಅರಿಶಿನದ ಪುಡಿ ನನ್ನ ತಲೆಯ ಮೇಲೆ, ಹೆಗಲ ಮೇಲೆ, ಕೊನೆಗೆ ಗಿರಾಕಿಯ ಬಿಳಿ ಜಂಪರಿನ ಮೇಲೂ ಬಿತ್ತು. ಅವನ ಹಿರಿಯರನ್ನೆಲ್ಲ ನೆನೆದು ಬೈಯಬೇಕೆಂದು ಬಾಯಿ ತೆರೆದೆ. ಆ ವಾಸನೆ ಗಂಟಲಿಗಿಳಿದು ಬೈಗುಳ ಅಲ್ಲೇ ನಿಂತಿತು.

ಅಡುಗೆಯ ಅರಿಶಿನಕ್ಕೆ ಆ ವಾಸನೆ ಇರುವುದಿಲ್ಲ. ಒಡೆದ ತೆಂಗಿನಕಾಯಿ, ಊದಿನಕಡ್ಡಿ, ಗುಡಿಯ ಮುಂದೆ ಸಾಲು ನಿಂತವರ ಬೆವರು, ಇವೆಲ್ಲ ಸೇರಿ ಒಣಗಿದ ಅರಿಶಿನ ಅದು. ಮನೆಗೆ ಬಂದಾಗ ಅವ್ವ ನನ್ನ ಹೆಗಲನ್ನು ನೋಡಿದಳು. "ಹಿತ್ತಲದಾಗ ಜಳಕಾ ಮಾಡಿ ಒಳಗ ಬಾ" ಎಂದಳು, ಅಷ್ಟೇ. ಒಂದು ಕಾಲಕ್ಕೆ ನೆಲಕ್ಕೆ ಬಿದ್ದ ಭಂಡಾರದ ಕಣವನ್ನೂ ಬೆರಳಿನಿಂದ ಒತ್ತಿ ತೆಗೆದು ಕಣ್ಣಿಗೊತ್ತಿಕೊಳ್ಳುತ್ತಿದ್ದವಳು ಇವಳೇ. ನನಗೆ ನಾವು ಬಿಟ್ಟುಬಂದ ಇಚಲಕರಂಜಿಯ ಆ ವರ್ಷ ಕಣ್ಣ ಮುಂದೆ ಬಂತು.

ನಮ್ಮಜ್ಜ ಬನಹಟ್ಟಿ ಕಡೆಯಿಂದ ಬಂದು ಇಚಲಕರಂಜಿಯಲ್ಲಿ ಮಗ್ಗಕ್ಕೆ ನಿಂತವನು. ಅಪ್ಪ ಅಲ್ಲೇ ಜಾಬರ್ ಆದ, ಅಂದರೆ ಕೆಟ್ಟು ನಿಂತ ಮಗ್ಗವನ್ನು ಮತ್ತೆ ನಡೆಸುವವನು. ಅವ್ವ ಮನೆಯಲ್ಲೇ ಕುಳಿತು ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ನಾನು ಗಾರ್ಮೆಂಟಿನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಗಲ್ಲಿಯಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ನಮ್ಮಂಥವರೇ. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ಮರಾಠಿ, ನಲ್ಲಿಯ ಹತ್ತಿರದ ಜಗಳದಲ್ಲಿ ಎರಡೂ. ಮಗ್ಗದ ಖಟಖಟ ನಮಗೆ ಕೇಳಿಸುತ್ತಲೇ ಇರಲಿಲ್ಲ, ಕರೆಂಟು ಹೋಗಿ ಅದು ನಿಂತಾಗ ಮಾತ್ರ ಕೂಸುಗಳು ಎದ್ದು ಅಳುತ್ತಿದ್ದವು.

ಅವ್ವನ ಹೆಸರು ಗಂಗವ್ವ. ಗಲ್ಲಿಯ ಬಾಯಲ್ಲಿ ಭಂಡಾರದ ಗಂಗವ್ವ. ಪ್ರತಿವರ್ಷ ಚಿಂಚಲಿಯ ಮಾಯವ್ವನ ದರ್ಶನಕ್ಕೆ ಹೋಗಿ ಒಂದು ಗಂಟು ಭಂಡಾರ ತಂದು ಹಿತ್ತಾಳೆಯ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಗಲ್ಲಿಯಲ್ಲಿ ಏನೇ ತಕರಾರು ಹುಟ್ಟಲಿ, ಕೊನೆಗೆ ಆ ಡಬ್ಬಿಯ ಮುಂದೆ ಬಂದು ನಿಲ್ಲುತ್ತಿತ್ತು. ನೂಲಿನ ಕೋನು ಯಾರು ಕದ್ದರು, ಯಾರು ಯಾರ ಮೇಲೆ ಚಾಡಿ ಹೇಳಿದರು, ಯಾರ ಮಗ ಯಾರ ಮಗಳಿಗೆ ಮಾತು ಕೊಟ್ಟ. "ಭಂಡಾರ ಮುಟ್ಟಿ ಹೇಳು" ಎಂದರೆ ಮುಗಿಯಿತು. ಸುಳ್ಳು ಹೇಳುವವನು ಡಬ್ಬಿಯ ತನಕ ಬರುತ್ತಲೇ ಇರಲಿಲ್ಲ. ಎದುರುಮನೆಯ ಕಾಶವ್ವನ ಗಂಡ ಮಾರುತಿ ಒಮ್ಮೆ ತೂರಾಡುತ್ತ ಬಂದು, ಹನಿಯೂ ಮುಟ್ಟಿಲ್ಲ ಎಂದು ವಾದಿಸಿದ್ದ. ಕಾಶವ್ವ ಅವನನ್ನು ನಮ್ಮನೆಗೆ ಎಳೆದು ತಂದಳು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಆತ ಕೈ ಮುಗಿದು, "ಅದೊಂದ ಬ್ಯಾಡ ಗಂಗಕ್ಕಾ. ಕುಡದೇನಿ. ಭಾಳ ಕುಡದೇನಿ" ಎಂದ. ನಾವೆಲ್ಲ ನಕ್ಕೆವು. ಪೊಲೀಸ್ ಚೌಕಿ ನಮ್ಮ ಗಲ್ಲಿಗೆ ದೂರವಿತ್ತು, ಈ ಡಬ್ಬಿ ಹತ್ತಿರವಿತ್ತು.

ಆಣೆಗೆ ಅವ್ವನದೊಂದು ಪದ್ಧತಿ. ಯಾರೇ ಮಾತು ಕೊಡಲಿ, "ಎಲ್ಲೀತನ?" ಎಂದು ಕೇಳುತ್ತಿದ್ದಳು. ದೀಪಾವಳಿ ತನಕವೋ, ಮಗಳ ಮದುವೆ ತನಕವೋ, ಗಡುವು ಹೇಳಿಸಿಯೇ ಭಂಡಾರ ಮುಟ್ಟಿಸುತ್ತಿದ್ದಳು. ಗಡುವಿಲ್ಲದ ಆಣೆ ಮನುಷ್ಯನನ್ನು ತಿಂದುಹಾಕುತ್ತದೆ ಎನ್ನುವುದು ಅವಳ ನಂಬಿಕೆ.

ನಮ್ಮ ಊರಿನಲ್ಲಿ ಇಬ್ಬರು ಸಾಹೇಬರು. ನಾವು ಅವರನ್ನು ಗಾಡಿಯ ಬಣ್ಣದಿಂದ ಗುರುತಿಸುತ್ತಿದ್ದೆವು. ಒಬ್ಬರು ಬಿಳಿ ಗಾಡಿಯ ಸಾಹೇಬರು, ಇನ್ನೊಬ್ಬರು ಕರಿ ಗಾಡಿಯ ಸಾಹೇಬರು. ಅಪ್ಪನಿಗೆ ಒಮ್ಮೆ ಮಗ್ಗದ ಪಟ್ಟಾ ತಗಲಿ ಕೈ ಮುರಿದಾಗ ಬಿಳಿ ಗಾಡಿಯವರ ಚೀಟಿ ತೋರಿಸಿದ್ದಕ್ಕೆ ಕೊಲ್ಹಾಪುರದ ದವಾಖಾನೆಯಲ್ಲಿ ಹಾಸಿಗೆ ಸಿಕ್ಕಿತ್ತು. ಅಂದಿನಿಂದ ಅಪ್ಪ ಅವರ ಮನುಷ್ಯ. "ಉಂಡ ಮನಿಗೆ ಎರಡ ಬಗೀಬಾರದು" ಎಂದು ಪ್ರತಿ ಚುನಾವಣೆಗೂ ಹೇಳುತ್ತಿದ್ದ. ಕಾಶವ್ವನ ಮನೆಯವರು ಕರಿ ಗಾಡಿಯವರು. ಮತದಾನ ಹತ್ತಿರ ಬಂದಾಗ ಎರಡೂ ಮನೆಗಳ ನಡುವೆ ಸಾರು ಪಲ್ಯದ ಕೊಡುಕೊಳ್ಳುವಿಕೆ ನಿಲ್ಲುತ್ತಿತ್ತು, ಗುಲಾಲು ತೊಳೆದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಇಬ್ಬರೂ ಸಾಹೇಬರು ಪ್ರತಿಸಲ ನೀರು ಕೊಡುತ್ತೇವೆಂದರು. ಸುತ್ತ ನದಿಗಳು ಹರಿಯುವ ಸೀಮೆಯಲ್ಲಿ ನಮ್ಮ ನಲ್ಲಿಗೆ ವಾರಕ್ಕೊಮ್ಮೆ ನೀರು ಬಂದರೆ ಪುಣ್ಯ. ಗಲ್ಲಿಯ ಉದ್ದಕ್ಕೂ ನೀಲಿ ಡ್ರಮ್ಮುಗಳು. ನೀರು ಯಾವ ಹೊತ್ತಿಗೆ ಬರುತ್ತದೋ ಗೊತ್ತಿಲ್ಲದ್ದರಿಂದ ಹೆಂಗಸರಲ್ಲಿ ಒಬ್ಬಳಾದರೂ ನಲ್ಲಿಯ ಹತ್ತಿರ ಕುಳಿತಿರಲೇಬೇಕು. ಮದುವೆಗೋ ಸಾವಿಗೋ ಎಲ್ಲರೂ ಒಟ್ಟಿಗೆ ಹೋಗಲು ಆಗುತ್ತಿರಲಿಲ್ಲ. ಅಪ್ಪ ತೀರಿಕೊಂಡ ದಿನವೂ ಕಾಶವ್ವ ಅತ್ತು ಎದ್ದು ನಮ್ಮ ಕೊಡಗಳನ್ನು ತೆಗೆದುಕೊಂಡು ಹೋಗಿ ತುಂಬಿ ತಂದಿದ್ದಳು.

ಆಮೇಲೆ ಸಾಹೇಬರು ಪಕ್ಷ ಬದಲಿಸಲು ಶುರು ಮಾಡಿದರು. ಬಿಳಿಯವರು ಕರಿಯವರ ಪಕ್ಷಕ್ಕೆ, ಕರಿಯವರು ಇನ್ನೆಲ್ಲಿಗೋ, ಅಲ್ಲಿಂದ ಮತ್ತೊಂದು ಬಣಕ್ಕೆ. ನಿನ್ನೆ ಬೈದವರ ಪಕ್ಕದಲ್ಲಿ ಇಂದು ಹಾರ ಹಾಕಿಕೊಂಡು ನಿಂತಿರುತ್ತಿದ್ದರು. ಇವರಿಗಾಗಿ ನಾವು ಪಲ್ಯದ ಬಟ್ಟಲು ನಿಲ್ಲಿಸಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು. ಮಾರುತಿ ಮಾಮಾ, "ನಾವು ಹೊಡದಾಡಿದ್ದು ಯಾರ ಸಲುವಾಗಿ ಬೇ? ಅವರು ಒಂದೇ ತಾಟಿನ್ಯಾಗ ಉಣ್ಣಾಕತ್ತಾರ" ಎಂದು ಕಟ್ಟೆಯ ಮೇಲೆ ಕುಳಿತು ಯಾರಿಗೋ ಕೇಳುತ್ತಿದ್ದ. ಅತ್ತ ದರಿ, ಇತ್ತ ಪುಲಿ. ಅದೇ ಹೊತ್ತಿಗೆ ಬಟ್ಟೆಯ ವ್ಯಾಪಾರ ಬಿತ್ತು. ಸಣ್ಣ ಮಾಲಕರು ಮಗ್ಗ ಮಾರತೊಡಗಿದರು, ನಡೆಸುವವರಿಗಲ್ಲ, ಗುಜರಿಯವರಿಗೆ. ಅಪ್ಪ ಎಣ್ಣೆ ಹಚ್ಚಿ ಮಾತಾಡಿಸಿ ನಡೆಸಿದ್ದ ಮಗ್ಗಗಳನ್ನು ಸುತ್ತಿಗೆಯಿಂದ ಒಡೆದು ತೂಕಕ್ಕೆ ಹಾಕುವುದನ್ನು ಕಣ್ಣಾರೆ ನೋಡಿದೆ. ಆ ಮಳೆಗಾಲದಲ್ಲಿ ಗಲ್ಲಿಯ ಒಂದೊಂದೇ ಶೆಡ್ಡು ಬಾಯಿ ಮುಚ್ಚಿತು. ಹಗಲಿನಲ್ಲೂ ಮಳೆಯ ಸದ್ದು ಕೇಳಿಸತೊಡಗಿತು, ನಮಗೆ ಅದು ಹೊಸದು.

ಗುಂಡೂಭಾವು ಎದ್ದದ್ದು ಆಗ.

ಅವನು ಬೇರೆ ಎಲ್ಲಿಂದಲೋ ಬಂದವನಲ್ಲ. ಪಕ್ಕದ ಗಲ್ಲಿಯ ಗುಂಡ್ಯಾ, ಟೆಂಪೋದಲ್ಲಿ ನೂಲಿನ ಬೀಮು ಹೇರಿಕೊಂಡು ತಿರುಗುತ್ತಿದ್ದವನು. ಕೆಲಸ ಕಡಿಮೆಯಾದಾಗ ಟೆಂಪೋದ ಮೇಲೆ ಹತ್ತಿ ಮಾತಾಡತೊಡಗಿದ, ಜನ ಅವನನ್ನು ಭಾವು, ಅಂದರೆ ಅಣ್ಣ, ಎನ್ನತೊಡಗಿದರು. ಒಣಗಿದ ನಲ್ಲಿಯ ಮುಂದೆ ನಿಂತು ಮಾತಾಡಿದ್ದನ್ನು ಯಾರೋ ಮೊಬೈಲಿನಲ್ಲಿ ತೆಗೆದು ಬಿಟ್ಟರು. ಎರಡೂ ಸಾಹೇಬರ ಬಂಗಲೆಯ ಗಿಡಗಳಿಗೆ ಪೈಪಿನಿಂದ ನೀರು ಬಿಡುವುದನ್ನು ತೋರಿಸಿದ. ಪಾಲಿಕೆಯ ಆಫೀಸಿನ ಮೆಟ್ಟಿಲ ಮೇಲೆ ಖಾಲಿ ಕೊಡ ಒಡೆದ. ಊರಿಗೆಲ್ಲ ಮರಾಠಿಯಲ್ಲಿ ಗುಡುಗಿ, ನಮ್ಮ ಗಲ್ಲಿಗೆ ಬಂದಾಗ ನಮ್ಮದೇ ಕನ್ನಡದಲ್ಲಿ, "ಯವ್ವಾ, ನಾವೂ ಮನಷ್ಯಾರಲ್ಲೇನ?" ಎನ್ನುತ್ತಿದ್ದ. ಕೇಳುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಇಷ್ಟು ವರ್ಷ ನುಂಗಿಕೊಂಡದ್ದನ್ನು ಒಬ್ಬನಾದರೂ ಗಟ್ಟಿಯಾಗಿ ಹೇಳಿದನಲ್ಲ ಎಂದು. ಗಾರ್ಮೆಂಟಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಾವೆಲ್ಲ ಒಂದು ಮೊಬೈಲಿಗೆ ತಲೆ ಕೂಡಿಸಿ ಅವನನ್ನೇ ನೋಡುತ್ತಿದ್ದೆವು.

ನೀರು ಎಲ್ಲಿಂದ ತರುತ್ತಾನೆ ಎಂದು ಕೇಳಿದ್ದು ಅವ್ವ ಒಬ್ಬಳೇ. ಆಮದಾರಕಿಗೆ, ಅಂದರೆ ಶಾಸಕನ ಸ್ಥಾನಕ್ಕೆ, ಅವನು ಯಾವ ಪಕ್ಷವೂ ಇಲ್ಲದೆ ಸ್ವಂತವಾಗಿ ನಿಂತು ನಮ್ಮ ಗಲ್ಲಿಗೆ ಬಂದ ದಿನ ಅದು. ನವರಾತ್ರಿ ಮುಗಿದಿತ್ತು. ಇಳಿಹೊತ್ತು. ಹನುಮಪ್ಪನ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ.

"ಸಾಹೇಬರ ಬಂಗಲೀ ಹಿಂದಿನ ಟಾಕಿ ಒಡದರ ಇಡೀ ಊರ ಕುಡೀತೈತಿ ಅವ್ವಾ!" ಎಂದ. ಚಪ್ಪಾಳೆಯೋ ಚಪ್ಪಾಳೆ. ಅದು ಉತ್ತರವಲ್ಲವೆಂದು ಆ ಗದ್ದಲದಲ್ಲಿ ಯಾರಿಗೂ ಅನಿಸಲಿಲ್ಲ, ನನಗೂ.

ಕಾಶವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಅವಳದು ನೇರ ಮಾತು. "ಗುಂಡೂ, ಎಲ್ಲಾರೂ ಹಿಂಗ ಅಂತಾರಪಾ. ಆರಿಸಿ ಬಂದ ಮ್ಯಾಲೆ ಸಾಹೇಬನ ಮನ್ಯಾಗ ಹೋಗಿ ಕುಂಡರತಾರ. ಭಂಡಾರ ಮುಟ್ಟತಿ ಏನ?"

ಅವನು ಸುತ್ತ ನೆರೆದವರನ್ನು ಒಮ್ಮೆ ನೋಡಿದ. ಆಮೇಲೆ ನಕ್ಕು, "ತರ್ರಿ" ಎಂದ.

ಅವ್ವ ಡಬ್ಬಿ ತಂದಳು. ಗುಂಡೂಭಾವು ಚಪ್ಪಲಿ ಬಿಟ್ಟು, ತಲೆಗೆ ಟವೆಲು ಹಾಕಿಕೊಂಡು, ಭಂಡಾರದಲ್ಲಿ ಕೈಯಿಟ್ಟು ಹೇಳಿದ: "ಎರಡೂ ಸಾಹೇಬರ ಹೊಸ್ತಿಲಾ ನಾ ತುಳಿಯೂದಿಲ್ಲ. ತುಳದರ ಮಾಯವ್ವ ನನ್ನ ಮನಿ ಹಾಳ ಮಾಡಲಿ." ಜನ "ಚಾಂಗಭಲೋ" ಎಂದು ಜಯಕಾರ ಕೂಗಿದರು. ಅವನು ಕೈ ತೆಗೆಯಲಿಲ್ಲ. "ನಾ ಮುಟ್ಟೇನಿ, ಇನ್ನ ನೀವೂ ಮುಟ್ಟ್ರಿ. ಆಣಿ ಒಂದ ಕೈಯಿಂದ ಆಗೂದಿಲ್ಲ. ಗುಂಡೂಭಾವು ಹೇಳಿದವರಿಗೇ ನಮ್ಮ ಓಟ ಅನ್ರಿ."

ಹೆಂಗಸರು ಮುಗಿಬಿದ್ದರು. ಒಬ್ಬೊಬ್ಬಳೂ ಮುಟ್ಟಿ, ಹಾಗೇ ಅಂದು, ಹಣೆಗಿಟ್ಟುಕೊಂಡಳು. ನಾನೂ ಮುಟ್ಟಿದೆ. ಅವ್ವ ಡಬ್ಬಿ ಹಿಡಿದು ನಿಂತು, "ಎಲ್ಲೀತನ? ಎಲ್ಲೀತನ ಅಂತ ಹೇಳ್ರಿ" ಎನ್ನುತ್ತಿದ್ದದ್ದು ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕೇಳಿಸಿತು. ಹಲಗೆ ಬಾರಿಸುವವರು ಶುರು ಹಚ್ಚಿಕೊಂಡಿದ್ದರು. "ಇರಲಿ ಬಿಡಬೇ ಅವ್ವಾ" ಎಂದೆ. ಕೊನೆಗೆ ಅವಳೂ ಮುಟ್ಟಿದಳು.

ಅವನು ಗೆದ್ದ. ಟೆಂಪೋದವನು ಎರಡೂ ಗಾಡಿಯವರಿಗೆ ಮಣ್ಣು ಮುಕ್ಕಿಸಿದ. ಅಂದು ನಮ್ಮ ಗಲ್ಲಿ ಪೂರಾ ಹಳದಿ. ಕಾಶವ್ವ ಕುಣಿದಳು, ಮಾರುತಿ ಮಾಮಾ ಹೆಂಡತಿಯ ಎದುರೇ ಕುಡಿದು ಬಂದು ಬೈಸಿಕೊಳ್ಳದೆ ಮಲಗಿದ. ನಾವು ಗೆದ್ದೆವು ಎಂದು ನನಗೆ ಜೀವಮಾನದಲ್ಲಿ ಅನಿಸಿದ್ದು ಅದೊಂದೇ ಸಲ.

ಆಮೇಲೆ ಬೇಸಿಗೆ. ನೀರು ವಾರಕ್ಕೊಮ್ಮೆ ಬರುವುದೂ ತಪ್ಪಿತು. ಗುಂಡೂಭಾವುವಿನ ಮೊಬೈಲಿಗೆ ಹಚ್ಚಿದರೆ ಯಾರೋ ಹುಡುಗರು ಎತ್ತಿ, "ಭಾವು ಮೀಟಿಂಗದಾಗ ಅದಾರ" ಎನ್ನುತ್ತಿದ್ದರು. ಗುಂಡ್ಯಾನಿಗೆ 'ಅದಾನ' ಹೋಗಿ 'ಅದಾರ' ಬಂದಿತ್ತು. ಮುಂಬಯಿಯಲ್ಲಿ ನಮ್ಮ ಸಲುವಾಗಿಯೇ ಓಡಾಡುತ್ತಿದ್ದಾನೆ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು. ಮಳೆ ಶುರುವಾಗುವ ಹೊತ್ತಿಗೆ ಒಂದು ಮುಂಜಾನೆ ನಲ್ಲಿಯ ಹತ್ತಿರ ಕುಳಿತಾಗ ಯಾರದೋ ಮೊಬೈಲಿಗೆ ಒಂದು ಫೋಟೋ ಬಂತು. ಬಿಳಿ ಗಾಡಿಯ ಸಾಹೇಬರ ಕೊಲ್ಹಾಪುರದ ಬಂಗಲೆಯಲ್ಲಿ ಅವರು ಒಂದು ಕಡೆ, ಕರಿ ಗಾಡಿಯವರು ಇನ್ನೊಂದು ಕಡೆ, ನಡುವೆ ನಮ್ಮ ಗುಂಡೂಭಾವು. ಮೂವರ ಕೊರಳಲ್ಲೂ ಒಂದೇ ಬಣ್ಣದ ಪಕ್ಷದ ಪಟ್ಟಿ. ಅಧಿಕಾರದ ಹತ್ತಿರ ಹೋಗದೆ ಜನರಿಗೆ ನೀರು ತರಲಾಗದು, ಅದಕ್ಕಾಗಿ ಈ ವಿಷ ಕುಡಿದೆ ಎಂದು ಹಿಂದೆಯೇ ಬಂದ ವಿಡಿಯೋದಲ್ಲಿ ಮರಾಠಿಯಲ್ಲಿ ಹೇಳುತ್ತಿದ್ದ. ದನಿ ಮಾತ್ರ ಅದೇ.

ಕಾಶವ್ವ ನಂಬಲೇ ಇಲ್ಲ. "ಹಳೇ ಫೋಟೋ ಇರಬೇಕ ತಗೋ" ಎಂದಳು. ಗಂಡಸರು ಬೇಗ ಒಪ್ಪಿಕೊಂಡರು. "ಬರೋಬರಿ ಮಾಡಿದ. ಹೊರಗ ನಿಂತಾಂವಗ ಏನ ಸಿಗತೈತಿ?" ಎಂದು ಮಾರುತಿ ಮಾಮಾ ಕಟ್ಟೆಯ ಮೇಲೆ ಹೇಳಿದ, ಹೇಳುವಾಗ ನಮ್ಮ ಕಡೆ ನೋಡಲಿಲ್ಲ. ಹೆಂಗಸರು ಮಾತ್ರ ಮಾಯವ್ವ ಏನು ಮಾಡುತ್ತಾಳೆಂದು ಕಾದರು. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ಅವನ ಮನೆಗೆ ಏನಾದರೂ ಆಗಲೆಂದು ನಾವು ದಾರಿ ನೋಡಿದೆವು. ಆದದ್ದು ಇಷ್ಟು, ಅವನ ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ಬಾಗಿಲಿಗೆ ಬಿಳಿ ಗಾಡಿ ಬಂತು. ಇತ್ತ ಮಾರುತಿ ಮಾಮಾ ಕೆಲಸ ಮಾಡುತ್ತಿದ್ದ ಶೆಡ್ಡು ಮುಚ್ಚಿತು. ಕಾಶವ್ವನ ಮಗಳ ಗೊತ್ತಾಗಿದ್ದ ಮದುವೆ ಮುರಿಯಿತು. ಒಂದು ಮಧ್ಯಾಹ್ನ ಅವಳು ನಮ್ಮ ಹೊಸ್ತಿಲ ಮೇಲೆ ಕುಳಿತು ಅವ್ವನನ್ನು ಕೇಳಿದಳು: "ಅವನ ಮನಿ ಏರಾಕತ್ತೈತಿ, ನನ್ನ ಮನಿ ಇಳ್ಯಾಕತ್ತೈತಿ. ಆಣಿ ಮುರದವರು ಯಾರು ಗಂಗಕ್ಕಾ, ಅವನೋ ನಾನೋ?"

ಅವ್ವ ಕಂಡಿಕೆಯ ಮೋಟಾರು ಬಂದ್ ಮಾಡಿ ಅವಳ ಪಕ್ಕ ಬಂದು ಕುಳಿತಳು.

ಚಳಿಗಾಲದಲ್ಲಿ ಮಹಾನಗರಪಾಲಿಕೆಯ ಚುನಾವಣೆ ಬಂತು. ನಮ್ಮ ವಾರ್ಡಿಗೆ ಗುಂಡೂಭಾವು ನಿಲ್ಲಿಸಿದ್ದು ಯಾರನ್ನು? ಬಿಳಿ ಗಾಡಿಯ ಸಾಹೇಬರ ಸೋದರಳಿಯನನ್ನು. ನಮ್ಮ ಗಲ್ಲಿ ಹೇಗಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ, ಪ್ರಚಾರಕ್ಕೆ ಬಂದವನು ಡ್ರಮ್ಮುಗಳನ್ನು ನೋಡಿ ಇಲ್ಲಿ ಏನಾದರೂ ಕಾರ್ಖಾನೆ ಇದೆಯೇ ಎಂದು ಕೇಳಿದ. ಅವನ ಹಿಂದೆ ಬಂದ ಹುಡುಗರು ಮನೆಮನೆಯ ಬಾಗಿಲಿಗೆ ನಿಂತು ಒಂದೇ ಮಾತು ಹೇಳಿ ಹೋದರು. "ಭಾವು ಹೇಳ್ಯಾರ. ಭಂಡಾರ ನೆನಪ ಐತಲ್ಲ ಅಕ್ಕಾರ?"

ಗುಂಡೂಭಾವು ಹೇಳಿದವರಿಗೇ ನಮ್ಮ ಓಟು ಎಂದು ಮುಟ್ಟಿದ್ದೆವು. ಎಲ್ಲಿಯ ತನಕ ಎಂದು ಹೇಳಿರಲಿಲ್ಲ. ಅವನು ತನ್ನ ಆಣೆ ಮುರಿದಿದ್ದ, ನಿಜ. ಆದರೆ ಒಬ್ಬ ಮುರಿದನೆಂದು ಇನ್ನೊಬ್ಬರದು ಬಿಡುಗಡೆಯಾಗುವುದಿಲ್ಲ, ಇಬ್ಬರದೂ ದೇವಿಯ ಮುಂದೆ ಬೇರೆಬೇರೆ. ನಾನು ಸಿಟ್ಟಿನಿಂದ, "ಅವನಿಗಿಲ್ಲದ ಅಂಜಿಕಿ ನಿಮಗ್ಯಾಕ? ಸುಮ್ಮ ಬ್ಯಾರೇದವರಿಗೆ ಒತ್ತಿ ಬರ್ರಿ" ಎಂದೆ. "ನಿನಗ ಮಕ್ಕಳಿಲ್ಲ ಸುವರ್ಣಾ, ಹೇಳತಿ" ಎಂದಳು ಒಬ್ಬಳು. ಮಾತು ಚುಚ್ಚಿತು, ಆದರೆ ಅವಳ ಕಣ್ಣಲ್ಲಿದ್ದ ಭಯ ಕಂಡು ಸುಮ್ಮನಾದೆ. ಯಾರನ್ನು ಓಡಿಸಲು ಆಣೆ ಮಾಡಿದ್ದೆವೋ ಅವರನ್ನೇ ಆರಿಸಲು ಆ ಆಣೆ ನಮ್ಮನ್ನು ಕಟ್ಟಿಹಾಕಿತ್ತು.

ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಗಡುವು ಕೇಳದೆ ಡಬ್ಬಿ ಹಿಡಿದದ್ದು ತಾನು, ಬಿಡಿಸಬೇಕಾದವಳೂ ತಾನು ಎಂಬುದು ಅವಳ ತಲೆಗೆ ಹತ್ತಿತ್ತು. ಆಣೆ ಬಿಡಿಸುವ ದಾರಿ ಒಂದೇ. ಯಾರಿಗೆ ಮಾತು ಕೊಟ್ಟಿದ್ದೇವೋ ಅವನೇ ತನ್ನ ಕೈಯಿಂದ ಭಂಡಾರ ತೆಗೆದು ನಮ್ಮ ಹಣೆಗಿಟ್ಟು "ಬಿಟ್ಟೆ" ಅನ್ನಬೇಕು. ಮೂರನೆಯ ದಿನ ಡಬ್ಬಿಯನ್ನು ವಸ್ತ್ರದಲ್ಲಿ ಕಟ್ಟಿಕೊಂಡು, "ನಡಿ, ಕೊಲ್ಹಾಪುರಕ್ಕ ಹೋಗಿ ಬರೂಣು" ಎಂದಳು.

ಹಾತಕಣಂಗಲೆಯ ಮೇಲೆ ಹೋಗುವ ಬಸ್ಸು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಅವ್ವ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದಿದ್ದಳು. ಮತ ಕೇಳಲು ನಾಯಕರು ಜನರ ಮನೆಗೆ ಬರುವುದನ್ನು ಕಂಡಿದ್ದೆ. ಕೊಟ್ಟ ಮತವನ್ನು ಮರಳಿ ಕೊಡು ಎಂದು ಕೇಳಲು ಹೊರಟವರು ನಾವೇ ಮೊದಲಿರಬೇಕು.

ಅದೇ ಬಂಗಲೆ, ಫೋಟೋದಲ್ಲಿ ಕಂಡದ್ದು; ಚುನಾವಣೆ ಮುಗಿಯುವ ತನಕ ಅವನು ಇರುತ್ತಿದ್ದದ್ದು ಅಲ್ಲೇ. ಪಡಸಾಲೆಯಲ್ಲಿ ಸಾಲುಸಾಲು ಕುರ್ಚಿ, ಎಲ್ಲ ಕಡೆ ಮೊಬೈಲು ಹಿಡಿದ ಹುಡುಗರು. ಬಹಳ ಹೊತ್ತು ಕೂಡಿಸಿದರು. ಕೊನೆಗೆ ಗುಂಡೂಭಾವು ಹೊರಗೆ ಬಂದ. ಬಿಳಿ ಅಂಗಿ, ಮೈ ತುಂಬಿಕೊಂಡಿತ್ತು. ಅವ್ವನನ್ನು ಕಂಡವನೇ ಓಡಿಬಂದು ಕಾಲು ಮುಟ್ಟಿದ.

"ಅವ್ವಾ, ನೀ ಯಾಕ ಬರಾಕ ಹೋದಿ? ಹೇಳಿದ್ದರ ಗಾಡಿ ಕಳಸತಿದ್ನಿ."

"ಗಾಡಿ ಬ್ಯಾಡಪಾ" ಎಂದಳು ಅವ್ವ. "ಗಲ್ಲ್ಯಾನ ಹೆಣ್ಣಮಕ್ಕಳನ್ನ ಬಿಟ್ಟಬಿಡು. ನಿನಗ ಮಾತ ಕೊಟ್ಟು ಸಿಕ್ಕೊಂಡಾರ. ಹೊಟ್ಟ್ಯಾಗ ಕೂಳ ಇಳೀವಲ್ದು ಅವಕ್ಕ. ನೀರ ಬ್ಯಾಡ, ಏನೂ ಬ್ಯಾಡ. ಬಿಟ್ಟೇನಿ ಅಂದಬಿಡು."

ಅವಳು ಗಂಟು ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದಳು. ಅದನ್ನು ನೋಡಿದ ಕೂಡಲೇ ಅವನ ಮುಖ ಇಳಿಯಿತು. ಒಂದು ಗಳಿಗೆ ಹಳೆಯ ಗುಂಡ್ಯಾ ಕಂಡ. ದನಿ ತಗ್ಗಿಸಿ, ಅಕ್ಕಪಕ್ಕದವರಿಗೆ ಕೇಳಿಸದಂತೆ ನಮ್ಮ ಕನ್ನಡದಲ್ಲಿ ಕೇಳಿದ: "ನಂದೂ ಬಿಡಸತಿ ಏನ ಅವ್ವಾ?"

"ನಿಂದು ನನ್ನ ಕೈಯಾಗಿಲ್ಲ ಗುಂಡೂ. ಅದನ್ನ ಗಲ್ಲಿ ಬಿಡಬೇಕು. ಬಂದು ಕೇಳು."

ಅವನು ಒಂದು ಚಿಟಿಕೆ ಭಂಡಾರ ತೆಗೆದು ಅವ್ವನ ಹಣೆಗಿಟ್ಟು, "ಬಿಟ್ಟೆ. ಎಲ್ಲಾರ್ನೂ ಬಿಟ್ಟೆ" ಎಂದ. ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೆ ಒರೆಸಿಕೊಂಡು ತಲೆ ಬಾಗಿಸಿದ. ಬಾಗಿದ ತಲೆಯ ಮೇಲೆ ಕೈಯಿಡದೆ ಇರಲು ಅವ್ವನಿಗೆ ಬರುತ್ತಿರಲಿಲ್ಲ. ಕಳ್ಳ ಬಾಗಲಿ, ಕುಡುಕ ಬಾಗಲಿ, ಇಡುತ್ತಿದ್ದಳು. ಇಟ್ಟಳು. ಸುತ್ತ ನಿಂತ ಹುಡುಗರ ಮೊಬೈಲು ಮೇಲೆದ್ದವು. ನಾನು ನೋಡಿದೆ, ಆದರೆ ಆ ಬಂಗಲೆಯಲ್ಲಿ ಯಾರು ಬಂದರೂ ಮೊಬೈಲು ಏಳುತ್ತಿದ್ದವು, ಅದಕ್ಕೇನೂ ಅರ್ಥವಿದೆಯೆಂದು ನನಗೆ ಹೊಳೆಯಲಿಲ್ಲ.

ಮರಳಿ ಬರುವಾಗ ಅವ್ವ ಎಂದೂ ಆಡದಷ್ಟು ಮಾತಾಡಿದಳು. ತನ್ನ ತವರಿನದು, ಅಪ್ಪನದು, ನಾನು ಸಣ್ಣವಳಿದ್ದಾಗ ಮಗ್ಗದ ಕೆಳಗೆ ಮಲಗಿಬಿಟ್ಟಿದ್ದು. ಬಸ್ಸಿನಲ್ಲಿ ಸೇಂಗಾ ಕೊಂಡು ತಿಂದೆವು. ಗಲ್ಲಿಗೆ ಬಂದವಳೇ ಮನೆಮನೆಗೆ ಹೋಗಿ, "ಬಿಟ್ಟಾನ ಬೇ. ಯಾರಿಗೆ ಮನಸ ಬರತೈತೋ ಅವರಿಗೆ ಹಾಕ್ರಿ" ಎಂದಳು. ಕಾಶವ್ವ ಅವ್ವನನ್ನು ತಬ್ಬಿಕೊಂಡಳು. "ನನ್ನ ಎದಿ ಮ್ಯಾಲಿನ ಕಲ್ಲ ಇಳಿಸಿದಿ ಗಂಗಕ್ಕಾ" ಎಂದು ಅಂದು ಸಂಜೆ ಹುಗ್ಗಿ ಮಾಡಿ ಕಳಿಸಿದಳು.

ಬೋರ್ಡು ಎದ್ದದ್ದು ಮತದಾನಕ್ಕೆ ಸ್ವಲ್ಪ ದಿನ ಇರುವಾಗ, ಗಲ್ಲಿಯ ಬಾಯಲ್ಲೇ, ಮುಚ್ಚಿದ ಶೆಡ್ಡಿನ ಗೋಡೆಗೆ. ಗೋಡೆಯಷ್ಟೇ ಎತ್ತರ. ಅದರಲ್ಲಿ ನಮ್ಮ ಅವ್ವ. ಹಣೆಯ ಮೇಲೆ ಭಂಡಾರ, ಕೈ ಗುಂಡೂಭಾವುವಿನ ತಲೆಯ ಮೇಲೆ. ಕೆಳಗೆ ಸಾಹೇಬರ ಸೋದರಳಿಯ ಕೈ ಮುಗಿದು ನಗುತ್ತಿದ್ದ. ತಾಯಿಯ ಆಶೀರ್ವಾದ ನಮ್ಮ ಮೇಲಿದೆ ಎಂದು ಮರಾಠಿಯಲ್ಲಿ ದೊಡ್ಡ ಅಕ್ಷರ. ಅದೇ ಹೊತ್ತಿಗೆ ಎಲ್ಲರ ಮೊಬೈಲಿಗೂ ವಿಡಿಯೋ ಬಂತು. ಅವ್ವ ಡಬ್ಬಿ ಬಿಚ್ಚುವುದು, ಅವನು ಭಂಡಾರ ಹಚ್ಚುವುದು, ಅವಳು ತಲೆ ಸವರುವುದು. ಮಾತು ಒಂದೂ ಇರಲಿಲ್ಲ, ದೇವಿಯ ಹಾಡು ಹಾಕಿದ್ದರು.

ನಾನು ಕೊಲ್ಹಾಪುರಕ್ಕೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ, ಆ ಕಡೆಯ ಹುಡುಗ "ತಾಯಿ, ಭಾವು ಮೀಟಿಂಗದಾಗ ಅದಾರ" ಎಂದ. ಕೋಲು ತೆಗೆದುಕೊಂಡು ಬೋರ್ಡು ಹರಿಯಲು ಹೋದೆ. ಎತ್ತರಕ್ಕೆ ಎಟುಕಲಿಲ್ಲ, ಕಾಯಲು ನಿಂತಿದ್ದವರು ನನ್ನನ್ನು ಆಚೆ ತಳ್ಳಿದರು. ಅವ್ವ ಬೋರ್ಡಿನ ಕೆಳಗೆ ನಿಂತು ತನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮರಾಠಿ ಓದಲು ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ಕೇಳಿದಳು. ಹೇಳಿದೆ.

ಆ ಸೋದರಳಿಯ ಗೆದ್ದ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾರು ಯಾಕೆ ಒತ್ತಿದರೋ ನನಗೆ ಗೊತ್ತಿಲ್ಲ. ಅವ್ವನೇ ಕ್ಷಮಿಸಿದ ಮೇಲೆ ನಮ್ಮದೇನು ಎಂದು ಕೆಲವರು, ಆಣೆ ಮತ್ತೆ ಬಿಗಿಯಿತೆಂದು ಅಂಜಿ ಕೆಲವರು, ಎಲ್ಲ ಒಂದೇ ಎಂದು ಬೇಸತ್ತು ಕೆಲವರು. ನಾನು ಹೋಗಲಿಲ್ಲ. ಆ ಸೋಲು ನನ್ನನ್ನು ಅಷ್ಟಾಗಿ ಸುಡಲಿಲ್ಲ. ಸುಟ್ಟದ್ದು ಮತದಾನದ ಹಿಂದಿನ ದಿನ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ನಡೆದದ್ದು.

ಹೆಂಗಸರೆಲ್ಲ ಬಂದಿದ್ದರು. ಯಾರೂ ಕೂಡಲಿಲ್ಲ. ಅವ್ವನಿಗೆ ಏನೋ ಸಿಕ್ಕಿದೆ, ಅದಕ್ಕೇ ಕೊಲ್ಹಾಪುರಕ್ಕೆ ಹೋಗಿದ್ದಳು ಎಂಬ ಮಾತು ಗಲ್ಲಿಯಲ್ಲಿ ಆಗಲೇ ಹಬ್ಬಿತ್ತು. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ, ಎರಡೆರಡು ಸಲ ಹೇಳಿದೆ. "ನೀ ಮಗಳು ಸುವರ್ಣಾ, ನೀ ಹಂಗ ಹೇಳೂದ" ಎಂದಳೊಬ್ಬಳು ಮೆಲ್ಲಗೆ.

ಅವ್ವ ಎದ್ದು ಒಳಗೆ ಹೋದಳು. ಡಬ್ಬಿ ತಂದು ಎಲ್ಲರ ನಡುವೆ ಇಟ್ಟು, ಮುಚ್ಚಳ ತೆಗೆದು, ಮಣಿಕಟ್ಟಿನ ತನಕ ಕೈ ಅದ್ದಿದಳು. ಇಡೀ ಗಲ್ಲಿಗೆ ಆಣೆ ಮಾಡಿಸಿದವಳು ತನ್ನ ಮಾತು ನಿಜವೆಂದು ಆಣೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವಳನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ.

"ಭಂಡಾರ ಮುಟ್ಟಿ ಹೇಳತೇನಿ" ಎಂದಳು. "ನಿಮ್ಮನ್ನ ಬಿಡಿಸಾಕ ಹೋಗಿದ್ನಿ. ಅವನು ಬಿಟ್ಟಾನ. ಒಂದ ಪೈಸಾ ಮುಟ್ಟಿಲ್ಲ ನಾ, ಒಂದ ಕಪ್ ಚಾ ಕುಡದಿಲ್ಲ ಆ ಮನ್ಯಾಗ. ಸುಳ್ಳಾದರ ಮಾಯವ್ವ ನನ್ನ..."

ಕಾಶವ್ವ ಬಾಗಿ ಅವ್ವನ ಹೆಗಲ ಮೇಲೆ ಕೈಯಿಟ್ಟಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಎದ್ದು ಜಗಳವಾಡುತ್ತಿದ್ದೆ.

"ಇರಲಿ ಬಿಡ ಗಂಗಕ್ಕಾ" ಎಂದಳು. "ಅವನೂ ಇದನ್ನ ಮುಟ್ಟೇ ಹೇಳಿದ್ದ."

ಅವ್ವ ಡಬ್ಬಿಯಿಂದ ಕೈ ತೆಗೆದಳು. ಹೆಂಗಸರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ತಮ್ಮತಮ್ಮ ಮನೆಗೆ ಹೋದರು.